ಆಯ್ಕೆಪಟ್ಟಿಯ ಕೊನೆಯ ಸಾಲು

ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯ ಫಲಿತಾಂಶ ಬಂದು ಆಪ್ಷನ್ ಹಾಕುವ, ಅಂದರೆ ಬೇಕಾದ ಕಾಲೇಜು, ವಿಭಾಗಗಳನ್ನು ಕ್ರಮವಾಗಿ ಬರೆದು ಕೊಡುವ ದಿನಗಳು ಹತ್ತಿರವಾದಾಗ, ಬಾಗಲಕೋಟೆಯ ನವನಗರದಲ್ಲಿರುವ ನನ್ನ ಕೊಠಡಿಗೆ ಸಲಹೆ ಕೇಳಿ ಬರುವ ಮಕ್ಕಳಲ್ಲಿ ನನಗೆ ಹೆಚ್ಚು ಚಿಂತೆ ಹಚ್ಚುವವರು ದ್ವಿತೀಯ ಪಿಯುಸಿಯಲ್ಲಿ 97, 98 ಪ್ರತಿಶತ ಪಡೆದವರು. ನಡುತರದ ಅಂಕಗಳ ಹುಡುಗ ತನ್ನ ಮಿತಿಯನ್ನು ಅರಿತು ಹುಬ್ಬಳ್ಳಿ, ಬೆಳಗಾವಿ, ವಿಜಯಪುರ, ಹಾವೇರಿ ಎಂದು ಅರವತ್ತು ಎಪ್ಪತ್ತು ಆಯ್ಕೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬರುತ್ತಾನೆ. ಕಾಲೇಜಿಗೇ ಮೊದಲಿಗಳಾದ ಹುಡುಗಿಯ ಹಾಳೆಯಲ್ಲಿ ಆರು ಸಾಲುಗಳಿರುತ್ತವೆ. ಆರೂ ಬೆಂಗಳೂರಿನ ಕಾಲೇಜುಗಳು, ಆರೂ ಕಂಪ್ಯೂಟರ್ ಸೈನ್ಸ್. ಏಳನೆಯ ಸಾಲು ಯಾಕಿಲ್ಲ ಎಂದು ಕೇಳಿದರೆ, ಮಗಳನ್ನು ನಾನು ಸಣ್ಣವಳನ್ನಾಗಿ ಮಾಡಿದೆನೆಂಬ ನೋವು ತಂದೆಯ ಮುಖದಲ್ಲಿ ಕಾಣಿಸುತ್ತದೆ.

ನಾನು ಬಹಳ ವರ್ಷ ಪಿಯು ಕಾಲೇಜಿನಲ್ಲಿ ಗಣಿತ ಕಲಿಸಿದವನು. ಈ ಮಕ್ಕಳು ಎಷ್ಟು ದುಡಿದು ಆ ಅಂಕ ತಂದಿದ್ದಾರೆಂಬುದು ನನಗೆ ಗೊತ್ತು. ಅದಕ್ಕಾಗಿಯೇ ಆ ಆರು ಸಾಲಿನ ಪಟ್ಟಿಯನ್ನು ಕಂಡಾಗ ಸಹನೆ ತಪ್ಪುತ್ತದೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳದು ಅರ್ಧ ಪಾಲು, ಸಿಇಟಿಯ ಅಂಕಗಳದು ಇನ್ನರ್ಧ. ಇತ್ತೀಚಿನ ವರ್ಷಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಕ್ಕಳು ಎಂಜಿನಿಯರಿಂಗ್ ರ‍್ಯಾಂಕ್ ಪಡೆಯುತ್ತಿದ್ದಾರೆ. ಊರಿನಲ್ಲಿ ಹಾರ ಹಾಕಿಸಿಕೊಂಡ 98 ಪ್ರತಿಶತದ ಹುಡುಗನ ರ‍್ಯಾಂಕ್ ಒಂಬತ್ತು ಸಾವಿರವೋ ಹನ್ನೊಂದು ಸಾವಿರವೋ ಆಗಿರುವುದು ಸಾಮಾನ್ಯ. ಅದು ಒಳ್ಳೆಯ ರ‍್ಯಾಂಕೇ. ಆದರೆ ಪಟ್ಟಿಯನ್ನು ಬರೆಯುವಾಗ ಮನೆಯವರು ಹಾರವನ್ನು ನೆನೆಯುತ್ತಾರೆ, ರ‍್ಯಾಂಕನ್ನು ಮರೆಯುತ್ತಾರೆ.

ಕೆಲವು ವರ್ಷಗಳ ಹಿಂದೆ ಗುಳೇದಗುಡ್ಡದ ಒಬ್ಬ ನೇಕಾರರ ಮಗ ಹೀಗೆಯೇ ಆರು ಆಯ್ಕೆಗಳನ್ನು ಹಾಕಿದ್ದ. ಮೊದಲ ಸುತ್ತಿನಲ್ಲಿ ಸೀಟು ಬರಲಿಲ್ಲ. ಎರಡನೆಯ ಸುತ್ತಿನಲ್ಲಿಯೂ ಬರಲಿಲ್ಲ. ಅವರು ನನ್ನ ಬಳಿಗೆ ಬಂದದ್ದು ಅದಾದ ಮೇಲೆ. ಅಷ್ಟರಲ್ಲಿ ಯಾರೋ ಮಧ್ಯವರ್ತಿಯ ಮಾತು ಕೇಳಿ, ದೂರದ ಊರಿನ ಒಂದು ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಸೀಟಿಗೆ ಮುಂಗಡ ಕೊಟ್ಟಾಗಿತ್ತು, ಅದಕ್ಕಾಗಿ ಮನೆಯ ಪಕ್ಕದ ಜಾಗವನ್ನು ಮಾರಿಯೂ ಆಗಿತ್ತು. ಅವನ ರ‍್ಯಾಂಕಿಗೆ ಸರ್ಕಾರಿ ಶುಲ್ಕದಲ್ಲಿಯೇ ಸಿಗಬಹುದಾಗಿದ್ದ ಇಪ್ಪತ್ತಕ್ಕೂ ಹೆಚ್ಚು ಸೀಟುಗಳನ್ನು ಯಾವ ಸೀಟು ಯಾವ ರ‍್ಯಾಂಕಿಗೆ ಮುಗಿಯಿತೆಂದು ಹೇಳುವ ಹಿಂದಿನ ವರ್ಷದ ಕಟ್-ಆಫ್ ಪಟ್ಟಿಯಲ್ಲಿ ನಾನು ಬೆರಳಿಟ್ಟು ತೋರಿಸಿದಾಗ ಆ ತಂದೆ ಸುಮ್ಮನೆ ಕುಳಿತುಬಿಟ್ಟರು. ತೋರಿಸಬಾರದಿತ್ತೆಂದು ನನಗೆ ಇಂದಿಗೂ ಅನಿಸುತ್ತದೆ.

ಆ ಸೀಟುಗಳನ್ನು ಯಾಕೆ ಬರೆಯಲಿಲ್ಲವೆಂದು ಕೇಳಿದಾಗ ಹುಡುಗ ಕೊಟ್ಟ ಉತ್ತರವನ್ನೇ ಪ್ರತಿ ವರ್ಷ ಹತ್ತಾರು ಮಕ್ಕಳ ಬಾಯಿಂದ ಕೇಳುತ್ತೇನೆ. "ಸರ, ಕೆಳಗ ಬಾಗಲಕೋಟಿ, ವಿಜಾಪುರದ್ದು ಹಾಕಿದ್ರ ಕಂಪ್ಯೂಟರ್ ಅದನ್ನ ಕೊಟ್ಟು ಕುಂಡ್ರಿಸಿಬಿಡತೈತಿ ಅಂದ್ರು. ಬೆಂಗಳೂರಿಂದು ತಪ್ಪತೈತಿ ಅಂತ ಬಿಟ್ಟೆ." ಇದಕ್ಕೆ ವಿರುದ್ಧವಾದ ಇನ್ನೊಂದು ನಂಬಿಕೆಯೂ ಉಂಟು. "ಬಾಗಲಕೋಟಿದು ನಲವತ್ತನೇ ನಂಬರಿಗೆ ಹಾಕಿದ್ರ, ಅದನ್ನ ಒಂದನೇ ನಂಬರಿಗೆ ಹಾಕಿದವ್ರಿಗೆ ಮೊದಲ ಕೊಡತಾರಲ್ರಿ?" ಎರಡೂ ತಪ್ಪು. ನಾನು ಈ ಅಂಕಣ ಬರೆಯುತ್ತಿರುವುದೇ ಈ ಎರಡು ತಪ್ಪುಗಳಿಗಾಗಿ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆ ರ‍್ಯಾಂಕಿನ ಕ್ರಮದಲ್ಲಿ ನಡೆಯುತ್ತದೆ. ಮೊದಲ ರ‍್ಯಾಂಕಿನವರ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಿ, ಖಾಲಿಯಿರುವ ಮೊದಲ ಆಯ್ಕೆಯನ್ನು ಅವರಿಗೆ ಕೊಡಲಾಗುತ್ತದೆ. ಆಮೇಲೆ ಎರಡನೆಯ ರ‍್ಯಾಂಕಿನವರ ಪಟ್ಟಿ, ಆಮೇಲೆ ಮೂರನೆಯವರದು. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯ ಒಂದನೆಯ ಸಾಲಿನ ಸೀಟು ಇದೆಯೇ ಎಂದು ನೋಡಲಾಗುತ್ತದೆ; ಇದ್ದರೆ ಅದು ನಿಮ್ಮದು. ಇಲ್ಲದಿದ್ದರೆ ಎರಡನೆಯದು, ಅದೂ ಇಲ್ಲದಿದ್ದರೆ ಮೂರನೆಯದು. ಮೇಲಿನ ಯಾವುದಾದರೂ ಸೀಟು ನಿಮಗೆ ಸಿಗುವಂತಿದ್ದರೆ ಕೆಳಗಿನ ಸಾಲಿನ ತನಕ ಕಂಪ್ಯೂಟರ್ ಇಳಿಯುವುದೇ ಇಲ್ಲ. ಕೆಳಗೆ ಬಾಗಲಕೋಟೆ ಇದೆಯೋ ಇಲ್ಲವೋ ಎಂಬುದರಿಂದ ಮೇಲಿನ ಬೆಂಗಳೂರಿನ ಸೀಟಿಗೆ ಕೂದಲೆಳೆಯಷ್ಟೂ ಧಕ್ಕೆಯಾಗುವುದಿಲ್ಲ.

ಈಗ ಎರಡನೆಯ ನಂಬಿಕೆ. ಒಂದು ಕಾಲೇಜಿನ ಒಂದು ವಿಭಾಗದಲ್ಲಿ ಒಂದೇ ಸೀಟು ಉಳಿದಿದೆ ಎಂದು ಭಾವಿಸಿ. 9,000ನೆಯ ರ‍್ಯಾಂಕಿನ ಹುಡುಗಿ ಅದನ್ನು 40ನೆಯ ಸಾಲಿನಲ್ಲಿ ಬರೆದಿದ್ದಾಳೆ. ಅದೇ ವರ್ಗದ 9,200ನೆಯ ರ‍್ಯಾಂಕಿನ ಹುಡುಗ ಅದನ್ನೇ ಒಂದನೆಯ ಸಾಲಿನಲ್ಲಿ ಬರೆದಿದ್ದಾನೆ. ಹುಡುಗಿಯ ಮೇಲಿನ 39 ಸೀಟುಗಳೂ ತುಂಬಿದ್ದರೆ ಆ ಸೀಟು ಹುಡುಗಿಗೇ ಹೋಗುತ್ತದೆ, ಏಕೆಂದರೆ ಅವಳ ಸರದಿ ಮೊದಲು ಬಂದಿದೆ. ಹುಡುಗ ಅದನ್ನು ಮೇಲೆ ಬರೆದುದಕ್ಕೆ ಯಾವ ಹೆಚ್ಚಿನ ಹಕ್ಕೂ ಹುಟ್ಟುವುದಿಲ್ಲ. ಸಾಲಿನ ಸಂಖ್ಯೆಯು ನಿಮ್ಮ ಒಂದು ಆಯ್ಕೆಯನ್ನು ನಿಮ್ಮದೇ ಇನ್ನೊಂದು ಆಯ್ಕೆಯ ಜೊತೆ ಹೋಲಿಸುವುದಕ್ಕಷ್ಟೇ ಇದೆ. ಬೇರೆಯವರ ಪಟ್ಟಿಯ ಜೊತೆ ಅದಕ್ಕೆ ಸಂಬಂಧವಿಲ್ಲ. ಐಐಟಿ, ಎನ್‌ಐಟಿಗಳ ಜೋಸಾ ಹಂಚಿಕೆಯಲ್ಲಿಯೂ ಪಟ್ಟಿಯ ಕ್ರಮಕ್ಕೆ ಇರುವ ಅರ್ಥ ಇದೇ.

ಇದರಿಂದ ಹೊರಡುವ ನಿಯಮ ಸರಳವಾಗಿದೆ. ಸಿಕ್ಕರೆ ನಿಜವಾಗಿ ಹೋಗಿ ಸೇರುವ ಪ್ರತಿಯೊಂದು ಸೀಟನ್ನೂ ಬರೆಯಬೇಕು, ಸೇರದ ಒಂದನ್ನೂ ಬರೆಯಬಾರದು, ಬರೆದವುಗಳನ್ನು ಬೇಕೆನ್ನಿಸುವ ಕ್ರಮದಲ್ಲಿಯೇ ಇಡಬೇಕು. ಸಿಗುವ ಸಾಧ್ಯತೆಯನ್ನು ಲೆಕ್ಕ ಹಾಕಿ ಮೇಲೆ ಕೆಳಗೆ ಮಾಡಿದರೆ ನಷ್ಟ ನಿಮ್ಮದೇ, ಏಕೆಂದರೆ ಒಂದು ಸೀಟು ಹಂಚಿಕೆಯಾದ ಮೇಲೆ ಮುಂದಿನ ಸುತ್ತಿನಲ್ಲಿ ಅದಕ್ಕಿಂತ ಕೆಳಗಿನ ಆಯ್ಕೆಗಳನ್ನು ಪರಿಗಣಿಸುವುದಿಲ್ಲ. ಮೊದಲ ಸುತ್ತಿನ ನಂತರ ಹೊಸ ಆಯ್ಕೆಗಳನ್ನು ಸೇರಿಸುವ ಅವಕಾಶವೂ ಸಾಮಾನ್ಯವಾಗಿ ಇರುವುದಿಲ್ಲ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಚಾಯ್ಸ್-ಎರಡು ಆರಿಸಿದವರು, ಅಂದರೆ ಸಿಕ್ಕ ಸೀಟನ್ನು ಉಳಿಸಿಕೊಂಡು ಮುಂದಿನ ಸುತ್ತಿನಲ್ಲಿ ಮೇಲಿನ ಆಯ್ಕೆಗೆ ಕಾಯುವವರು, ಯಾವಾಗ ಎಷ್ಟು ಹಣ ಕಟ್ಟಬೇಕೆಂಬ ಬಗ್ಗೆಯಂತೂ ಆಯಾ ವರ್ಷದ ಸೂಚನೆಯನ್ನು ಓದದೆ ನನ್ನ ಮಾತನ್ನಾಗಲಿ ಬೇರೆಯವರ ಮಾತನ್ನಾಗಲಿ ನಂಬಬೇಡಿ.

ಹಾಗಾದರೆ ಪಟ್ಟಿ ಎಲ್ಲಿಯ ತನಕ ಇಳಿಯಬೇಕು? ನಿಮ್ಮ ವರ್ಗದ ಹಿಂದಿನ ಎರಡು ಮೂರು ವರ್ಷಗಳ ಕೊನೆಯ ಸುತ್ತಿನ ಕಟ್-ಆಫ್ ತೆಗೆದುಕೊಳ್ಳಿ. ನಿಮ್ಮ ರ‍್ಯಾಂಕ್ 9,000 ಇದ್ದು ಒಂದು ಸೀಟು 6,000ಕ್ಕೆ ಮುಗಿದಿದ್ದರೆ ಅದು ಆಸೆಯ ಸೀಟು. ಧಾರಾಳವಾಗಿ ಮೇಲೆ ಬರೆಯಿರಿ. 10,000 ಅಥವಾ 12,000ಕ್ಕೆ ಮುಗಿದದ್ದು ಸಿಕ್ಕರೂ ಸಿಗಬಹುದಾದ ಸೀಟು. ಇವುಗಳ ಕೆಳಗೆ 20,000ವನ್ನೂ ದಾಟಿ ಮುಗಿದ ಹತ್ತಾದರೂ ಸೀಟುಗಳು ಇರಲೇಬೇಕು. ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು 1963ರದು, ಬೆಳಗಾವಿಯ ಗೋಗಟೆ ಕಾಲೇಜು 1979ರದು, ವಿಜಯಪುರದ ಹಳಕಟ್ಟಿ ಕಾಲೇಜು 1980ರದು. ದಶಕಗಳಿಂದ ಎಂಜಿನಿಯರುಗಳನ್ನು ಕಳಿಸಿಕೊಟ್ಟಿರುವ ಈ ಕಾಲೇಜುಗಳನ್ನು ಪಟ್ಟಿಯ ಕೊನೆಗೆ ಬರೆಯಲು ನಾಚುವ ಕಾರಣ ನನಗೆ ಕಾಣುವುದಿಲ್ಲ. ದ್ರಾಕ್ಷಿ, ದಾಳಿಂಬೆ ಬೆಳೆಯುವ ಮನೆಯ ಜಾಣ ಮಕ್ಕಳು ನಮ್ಮೂರಿನಲ್ಲಿಯೇ ಇರುವ ತೋಟಗಾರಿಕೆ ವಿಶ್ವವಿದ್ಯಾಲಯದ ಹೆಸರನ್ನೂ ಎತ್ತದಿರುವುದು ನನಗೆ ಬೇಸರದ ಸಂಗತಿ. ಆದರೆ ಅಲ್ಲಿ ಕೃಷಿಕರ ಮಕ್ಕಳ ಕೋಟಾ ಬೇಕಿದ್ದವರು ಪ್ರಾಯೋಗಿಕ ಪರೀಕ್ಷೆಯನ್ನೂ ಬರೆದಿರಬೇಕಾಗುತ್ತದೆ; ಜುಲೈನಲ್ಲಿ ನೆನಪಾದರೆ ಪ್ರಯೋಜನವಿಲ್ಲ.

ಬೇಕೆನ್ನಿಸುವ ಕ್ರಮ ಎಂದೆ. ಆ ಕ್ರಮವನ್ನು ಹಣದ ಲೆಕ್ಕವಾದ ಮೇಲೆ ಮಾಡಬೇಕು. ಖಾಸಗಿ ಕಾಲೇಜಿನಲ್ಲಿ ಸಿಇಟಿಯ ಸರ್ಕಾರಿ ಸೀಟಿಗೆ ವರ್ಷಕ್ಕೆ ಒಂದು ಲಕ್ಷದ ಆಸುಪಾಸಿನಲ್ಲಿ ಶುಲ್ಕವಿರುತ್ತದೆ; ಅದೇ ಕಾಲೇಜಿನ ಅದೇ ತರಗತಿಗೆ ಖಾಸಗಿ ಕಾಲೇಜುಗಳ ಒಕ್ಕೂಟವಾದ ಕಾಮೆಡ್-ಕೆಯ ಪ್ರವೇಶ ಪರೀಕ್ಷೆಯ ಮೂಲಕ ಹೋದರೆ ಅದರ ಎರಡು ಮೂರು ಪಟ್ಟು ಆಗುತ್ತದೆ. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಸಿಇಟಿ ಸೀಟಿನ ಶುಲ್ಕವೂ ಬೇರೆಯಾಗಿರಬಹುದು. ಪ್ರಾಧಿಕಾರ ಪ್ರಕಟಿಸುವ ಶುಲ್ಕದ ಪಟ್ಟಿಯನ್ನು ನೋಡದೆ ಆ ಸಾಲನ್ನು ಬರೆಯಬೇಡಿ. ಬೆಂಗಳೂರಿನಲ್ಲಿ ಊಟ, ವಸತಿಗೆ ತಿಂಗಳಿಗೆ ಹತ್ತು ಸಾವಿರವೆಂದು ಹಿಡಿದರೂ ವರ್ಷಕ್ಕೆ ಇನ್ನೂ ಒಂದು ಲಕ್ಷ ಇಪ್ಪತ್ತು ಸಾವಿರ. ಹೀಗೆ ನಾಲ್ಕು ವರ್ಷಕ್ಕೆ ಎಂಟು ಲಕ್ಷ ದಾಟುವ ಸೀಟು ಒಂದು ಕಡೆ, ಮನೆಯಿಂದಲೇ ಬಸ್ಸಿನಲ್ಲಿ ಹೋಗಿಬಂದು ನಾಲ್ಕೂವರೆ ಲಕ್ಷದಲ್ಲಿ ಮುಗಿಯುವ ಸೀಟು ಇನ್ನೊಂದು ಕಡೆ ಇದ್ದಾಗ, ಆ ಅಂತರವನ್ನು ಹೊರುವವರು ಯಾರು ಎಂಬ ಮಾತು ಆಪ್ಷನ್ ಹಾಕುವ ಮೊದಲೇ ಮನೆಯಲ್ಲಿ ಆಗಬೇಕು. ತಾಯಂದಿರನ್ನೂ ಕರೆದುಕೊಂಡು ಬನ್ನಿರೆಂದು ನಾನು ಒತ್ತಾಯಿಸುವುದು ಇದಕ್ಕೇ. ಮನೆಯ ಮೇಲೆ ಎಷ್ಟು ಸಾಲವಿದೆಯೆಂದು ನನ್ನೆದುರು ಹೇಳಿಬಿಡುವವರು ಹೆಚ್ಚಾಗಿ ಅವರೇ.

ಹಣ ಕೈಗೆ ಬರುವ ಕಾಲವನ್ನೂ ನೋಡಬೇಕು. ಸೀಟು ಬಂದ ಮೇಲೆ ಶುಲ್ಕ ಕಟ್ಟಲು ಕೊಡುವುದು ಕೆಲವೇ ದಿನ. ಆಗ ಮುಂಗಾರು ಬಿತ್ತನೆಗೆ ಹಣ ಹೋಗಿರುತ್ತದೆ, ಕಬ್ಬಿನ ಬಿಲ್ಲು ಬರಲು ಇನ್ನೂ ತಿಂಗಳುಗಟ್ಟಲೆ ಇರುತ್ತದೆ. ಬ್ಯಾಂಕಿನ ಸಾಲಕ್ಕೆ ಓಡಾಡುವ ಕೆಲಸ ಫಲಿತಾಂಶಕ್ಕೆ ಮೊದಲೇ ಶುರುವಾಗಬೇಕು. 2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆಯ್ದ ಸಂಸ್ಥೆಗಳಿಗೆ ಸೇರುವವರಿಗೆ ಆಸ್ತಿಯ ಅಡಮಾನವಾಗಲಿ ಜಾಮೀನಾಗಲಿ ಇಲ್ಲದೆ ಸಾಲ ಸಿಗುತ್ತದೆ. ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದ ತನಕದ ಸಾಲಕ್ಕೆ ಬಡ್ಡಿಯಲ್ಲಿ 3 ಪ್ರತಿಶತ ರಿಯಾಯಿತಿಯೂ ಇದೆ. ನೀವು ಬರೆದಿರುವ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಶುಲ್ಕ ಕಡಿಮೆಯಾಗುವ ದಾರಿಗಳನ್ನು ಜಾಣ ಮಕ್ಕಳೇ ಬಿಟ್ಟುಕೊಡುತ್ತಾರೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ ಎಸ್‌ಎನ್‌ಕ್ಯೂ ಸೀಟುಗಳಿಗೆ ಅವಕಾಶವಿದೆ. ಪ್ರತಿ ವಿಭಾಗದ ಪ್ರವೇಶಮಿತಿಯ ಮೇಲೆ 5 ಪ್ರತಿಶತ ಹೆಚ್ಚುವರಿಯಾಗಿ ಇರುವ ಈ ಸೀಟುಗಳಿಗೆ ಬೋಧನಾ ಶುಲ್ಕವಿಲ್ಲ, ಉಳಿದ ಶುಲ್ಕಗಳಿರುತ್ತವೆ. ಒಳ್ಳೆಯ ರ‍್ಯಾಂಕಿನವರಿಗೇ ಸಿಗುವ ಸೀಟುಗಳಿವು. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮದ ಮೀಸಲಾತಿ ಇವೆ. ಇವೆಲ್ಲವನ್ನೂ ಅರ್ಜಿಯಲ್ಲಿಯೇ ಕೇಳಿ, ಪ್ರಮಾಣಪತ್ರಗಳನ್ನು ಹೊಂದಿಸಿಟ್ಟುಕೊಂಡಿರಬೇಕು. ಇನ್ನೊಂದು ಮಾತು: ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳು, ಕಲ್ಯಾಣ ಕರ್ನಾಟಕದವರಿಗೆ ಪ್ರತ್ಯೇಕ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯ ವ್ಯಾಪ್ತಿಗೆ ಬರುವುದಿಲ್ಲ. ಕಲಬುರಗಿಯ ಗಡಿಗೆ ಅಂಟಿಕೊಂಡ ವಿಜಯಪುರ ಜಿಲ್ಲೆಯ ಊರುಗಳವರು, ಆ ಕಡೆಯ ನೆಂಟರಿಗೆ ಸಿಕ್ಕ ಸೀಟಿನ ಕಟ್-ಆಫ್ ನೋಡಿ ತಮಗೂ ಅದೇ ಎಂದು ತಿಳಿದು ಪಟ್ಟಿ ಮಾಡುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ.

ಜೆಇಇ ಬರೆದ ಮಕ್ಕಳ ಮನೆಯಲ್ಲಿ ಇದರ ತಿರುಗು ತಪ್ಪು ನಡೆಯುತ್ತದೆ. ಐಐಟಿಯ ಬೋಧನಾ ಶುಲ್ಕ ವರ್ಷಕ್ಕೆ 2 ಲಕ್ಷ, ಎನ್‌ಐಟಿಯದು 1,25,000 ಎಂದು ಕೇಳಿದ ಕೂಡಲೇ "ನಮ್ಮಂಥವ್ರಿಗೆ ಅಲ್ರಿ ಅದು" ಎಂದು ಕೈಬಿಡುತ್ತಾರೆ. ಆದಾಯ 1 ಲಕ್ಷದೊಳಗಿನ ಕುಟುಂಬದ ಮಕ್ಕಳಿಗೆ ಆ ಶುಲ್ಕ ಪೂರ್ತಿ ಮನ್ನಾ, 5 ಲಕ್ಷದೊಳಗಿನವರಿಗೆ ಮೂರರಲ್ಲಿ ಎರಡು ಪಾಲು ಮನ್ನಾ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೂ ಪೂರ್ತಿ ಮನ್ನಾ. ಸುರತ್ಕಲ್ಲಿನ ಎನ್‌ಐಟಿಯಲ್ಲಿ ಅರ್ಧದಷ್ಟು ಸೀಟುಗಳು ನಮ್ಮ ರಾಜ್ಯದವರಿಗೇ ಇವೆ. ಸಣ್ಣ ಹಿಡುವಳಿಯ ರೈತನ ಮಗಳಿಗೆ ಅಲ್ಲಿನ ಬೋಧನಾ ಶುಲ್ಕವು ಬೆಂಗಳೂರಿನ ಖಾಸಗಿ ಕಾಲೇಜಿನದಕ್ಕಿಂತ ಕಡಿಮೆಯಾಗಬಹುದು.

ಮೊದಲು ಹೇಳಿದ ಆರು ಸಾಲಿನ ಹಾಳೆ ಮುಧೋಳ ತಾಲ್ಲೂಕಿನ ಒಬ್ಬ ಹುಡುಗಿಯದು. ಅವಳ ಆರು ಸಾಲುಗಳಲ್ಲಿ ಮೂರನ್ನು ಅವಳ ತಾಯಿ ಶುಲ್ಕ ಕೇಳಿ ತೆಗೆಸಿದರು. ಉಳಿದ ಮೂರು ಮೇಲೆಯೇ ಉಳಿದವು. ಎರಡು ದಿನ ಕುಳಿತು ಅವುಗಳ ಕೆಳಗೆ 41 ಸಾಲುಗಳನ್ನು ಬರೆದೆವು. ನಿಜವಾದ ಸುತ್ತಿಗೆ ಮೊದಲು ಪ್ರಾಧಿಕಾರ ನಡೆಸುವ ಅಣಕು ಹಂಚಿಕೆಯಲ್ಲಿ ಅವಳಿಗೆ 23ನೆಯ ಸಾಲು ತೋರಿಸಿತು. ಅದು ಬರಿಯ ಸೂಚನೆ, ಮೇಲಿನವನ್ನು ಅಳಿಸಬೇಡ ತಂಗೀ ಎಂದು ಮೂರು ಸಲ ಫೋನ್ ಮಾಡಿ ಹೇಳಿದೆ. ಕೊನೆಗೆ 17ನೆಯ ಸಾಲಿನಲ್ಲಿದ್ದ ಬೆಳಗಾವಿಯ ಎಲೆಕ್ಟ್ರಾನಿಕ್ಸ್ ಸೀಟು ಎಸ್‌ಎನ್‌ಕ್ಯೂ ಅಡಿಯಲ್ಲಿ ಬಂತು. ಈ ವರ್ಷ ಅವಳ ತಮ್ಮ ತನ್ನ ಪಟ್ಟಿಯನ್ನು ಹಿಡಿದುಕೊಂಡು ಬಂದಿದ್ದ. ಅಕ್ಕ ಬೆಳಗಾವಿಯಿಂದಲೇ ಫೋನಿನಲ್ಲಿ ಹೇಳಿ ಬರೆಯಿಸಿದ್ದಳು, 58 ಸಾಲುಗಳಿದ್ದವು. ಒಂದೊಂದನ್ನೂ ಓದಿ, ಇದು ಸಿಕ್ಕರೆ ಹೋಗುತ್ತೀಯಾ ಎಂದು ಕೇಳುತ್ತ ಹೋದೆ. ಎರಡು ಕಡೆ ಅವನು ತಡವರಿಸಿದ. ಆ ಎರಡನ್ನು ಹೊಡೆದುಹಾಕಿದೆವು.