ಮನೆಯಲ್ಲಿ ಬರೆದ ಪರೀಕ್ಷೆ ಅಳೆದದ್ದು ಏನನ್ನು?

ಶಿಕ್ಷಣದ ಓದಿನಲ್ಲಿ, ಕಲಿಕೆಯನ್ನು ಅಳೆಯುವುದು ಹೇಗೆಂದು ಹೇಳುವ ಮಾಪನ ಪತ್ರಿಕೆಯಲ್ಲಿ ಬರುವ ‘ಸಪ್ರಮಾಣತೆ’ಯ ವ್ಯಾಖ್ಯಾನವನ್ನು ನಾವೆಲ್ಲ ಉರು ಹೊಡೆದವರೇ. ಅಳೆಯಬೇಕಾದುದನ್ನೇ ಅಳೆದರೆ ಪರೀಕ್ಷೆ ಸಪ್ರಮಾಣ; ಅಲ್ಲಿಗೆ ಎರಡು ಅಂಕ. ನನಗೆ ಅದು ನಿಜವಾಗಿ ತಲೆಗೆ ಹತ್ತಿದ್ದು 2020ರ ಮೇ ತಿಂಗಳಲ್ಲಿ ಅಮೆರಿಕದ ಪ್ರೌಢಶಾಲಾ ಮಕ್ಕಳು ಮನೆಯಲ್ಲೇ ಕುಳಿತು ಬರೆದ ಎಪಿ ಪರೀಕ್ಷೆಗಳ ಬಗ್ಗೆ ಓದಿದಾಗ.

ಎಪಿ ಎಂದರೆ ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್. ಕಾಲೇಜು ಮಟ್ಟದ ಪಾಠ, 1ರಿಂದ 5ರವರೆಗಿನ ಶ್ರೇಣಿ. ನಡೆಸುವುದು ಕಾಲೇಜ್ ಬೋರ್ಡ್ ಎಂಬ ಅಮೆರಿಕದ ಸಂಸ್ಥೆ. ಸಾಮಾನ್ಯವಾಗಿ ಸುಮಾರು ಮೂರು ಗಂಟೆ ಹಿಡಿಯುವ ಪರೀಕ್ಷೆ ಆ ವರ್ಷ ಬಹುತೇಕ ವಿಷಯಗಳಲ್ಲಿ 45 ನಿಮಿಷಕ್ಕೆ ಇಳಿಯಿತು. ಬಹುಆಯ್ಕೆ ಪ್ರಶ್ನೆಗಳಿಲ್ಲ, ವರ್ಷದ ಕೊನೆಯ ಘಟಕಗಳಿಲ್ಲ. ಪುಸ್ತಕ ತೆರೆದು ನೋಡಲು ಅನುಮತಿ ಇತ್ತು.

ಸಪ್ರಮಾಣತೆಗೆ ಅಪಾಯ ಎರಡು ಬಗೆಯದು ಎಂದು ಮಾಪನ ತಜ್ಞ ಸ್ಯಾಮ್ಯುಯೆಲ್ ಮೆಸಿಕ್ ಹೇಳಿದ್ದರು: ಅಳೆಯಬೇಕಾದದ್ದು ಬಿಟ್ಟುಹೋಗುವುದು, ಅಳೆಯಬಾರದ್ದು ಒಳನುಸುಳುವುದು. ಮೊದಲನೆಯದು ಮೇಲೆಯೇ ಕಾಣುತ್ತದೆ: ಒಂದೆರಡು ಪ್ರಶ್ನೆಗಳ ಮೇಲೆ ಇಡೀ ವರ್ಷದ ಓದು ನಿಂತಿತು.

ಎರಡನೆಯದೇ ಸ್ವಾರಸ್ಯದ್ದು. ಕೈಯಲ್ಲಿ ಬರೆದ ಉತ್ತರದ ಫೋಟೊ ತೆಗೆದು ಕಳುಹಿಸಲು ಸಿಗುತ್ತಿದ್ದದ್ದು ಐದು ನಿಮಿಷ. ಹೊಸ ಐಫೋನ್‌ಗಳು ಚಿತ್ರವನ್ನು ತಾವಾಗಿಯೇ ಎಚ್‌ಇಐಸಿ ಎಂಬ ಫೈಲ್ ರೂಪದಲ್ಲಿ ಉಳಿಸುತ್ತವೆ. ಪರೀಕ್ಷೆಯ ಜಾಲತಾಣ ಅದನ್ನು ಸ್ವೀಕರಿಸುತ್ತಿರಲಿಲ್ಲ. ಕಲನಶಾಸ್ತ್ರದ ಲೆಕ್ಕವನ್ನು ಸರಿಯಾಗಿ ಬಿಡಿಸಿದ ಹುಡುಗಿ ಫೈಲಿನ ರೂಪ ಗೊತ್ತಿಲ್ಲದೆ ಸೋಲಬಹುದಿತ್ತು. ತೊಂದರೆಯಾದವರು ಶೇ 1ಕ್ಕಿಂತ ಕಡಿಮೆ ಎಂದಿತು ಬೋರ್ಡ್. ಎರಡನೆಯ ವಾರದಿಂದ ಇ-ಮೇಲ್‌ನಲ್ಲಿ ಕಳುಹಿಸುವ ದಾರಿಯನ್ನೂ ತೆರೆಯಿತು. ಮೊದಲ ವಾರ ಸಿಕ್ಕಿಬಿದ್ದವರಿಗೆ ಮಾತ್ರ ಜೂನ್‌ನಲ್ಲಿ ಮರುಪರೀಕ್ಷೆಯೇ ಗತಿಯಾಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ, ಗುರುತು ಹಾಕಿಕೊಳ್ಳಿ. ಇಂಥ ದೋಷ ಯಾದೃಚ್ಛಿಕವಲ್ಲ, ಅಂದರೆ ಯಾರಿಗೋ ಹೇಗೋ ಆಕಸ್ಮಿಕವಾಗಿ ತಗಲುವಂಥದ್ದಲ್ಲ. ಯಾದೃಚ್ಛಿಕ ದೋಷ ಒಬ್ಬರಿಗೆ ಎರಡು ಅಂಕ ಕೂಡಿಸಿ, ಇನ್ನೊಬ್ಬರಿಗೆ ಕಳೆದು, ಸರಾಸರಿಯಲ್ಲಿ ಸರಿಹೋಗುತ್ತದೆ. ಸಂಪರ್ಕ ದುರ್ಬಲವಾದ ಮನೆ, ತಮ್ಮ-ತಂಗಿಯರ ಗಲಾಟೆಯ ನಡುವಿನ ಒಂದೇ ಮೇಜು, ಹಳೆಯ ಲ್ಯಾಪ್‌ಟಾಪ್ ಇವೆಲ್ಲ ಪ್ರತಿ ಸಲವೂ ಅದೇ ಮಗುವಿನಿಂದಲೇ ಕಳೆಯುತ್ತವೆ. ಅದರ ಮೇಲೆ ‘ಹೋಗುತ್ತದೋ ಇಲ್ಲವೋ’ ಎಂಬ ಆತಂಕ. ಲೆಕ್ಕದ ಮಧ್ಯದ ಹಂತಗಳನ್ನು ಹಿಡಿದಿಡುವ ಕಾರ್ಯಕಾರಿ ಸ್ಮೃತಿಯಲ್ಲೇ ಆತಂಕವೂ ಜಾಗ ಕೇಳುತ್ತದೆ.

ಗಡಿಯಾರವನ್ನೂ ಮರೆಯಬಾರದು. ಪರೀಕ್ಷೆ ಜಗತ್ತಿಗೆಲ್ಲ ಒಂದೇ ಕ್ಷಣದಲ್ಲಿ. ನ್ಯೂಯಾರ್ಕ್‌ನ ಮಧ್ಯಾಹ್ನ 2 ಗಂಟೆ ಎಂದರೆ ಬೆಂಗಳೂರಿನಲ್ಲಿ ರಾತ್ರಿ 11.30, ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಬೆಳಗಿನ ಜಾವ 3. ಅಲ್ಲಿ ಅಳೆದದ್ದರಲ್ಲಿ ನಿದ್ದೆಯ ಪಾಲೆಷ್ಟೋ!

ಅಭ್ಯಾಸಕ್ಕೆ ನಮ್ಮದೇ ಉದಾಹರಣೆ ಇದೆ. 2021ರ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಆನ್‌ಲೈನ್ ಆಗಲಿಲ್ಲ. ಜುಲೈ 19 ಮತ್ತು 22ರಂದು ಮಕ್ಕಳು ಕೇಂದ್ರಗಳಲ್ಲೇ ಕುಳಿತರು. ನೆಟ್‌ವರ್ಕಿನ ಕಾಟವಿರಲಿಲ್ಲ. ಆದರೆ ದಿನಕ್ಕೆ ಮೂರು ವಿಷಯಗಳು ಸೇರಿ 120 ಅಂಕದ ಒಂದು ಪತ್ರಿಕೆ, ಎಲ್ಲವೂ ಬಹುಆಯ್ಕೆ, ಉತ್ತರ ಒಎಂಆರ್ ಹಾಳೆಯಲ್ಲಿ. ಮೆಸಿಕ್ ಹೇಳಿದ ಎರಡರಲ್ಲಿ ಇಲ್ಲಿ ಉಳಿದದ್ದು ಯಾವುದು?