ಲೀನೋ ತಾಲ್ಯಾಪಿಯೆತ್ರಾ: ಉಸಿರು, ಉಷ್ಣ ಮತ್ತು ಗಾಜಿನ ವಿದ್ಯೆ

ಕೊಡಗಿನ ಮನೆಗಳಲ್ಲಿ ಕಾಚಂಪುಳಿಯೆಂಬ ಕಪ್ಪು ಹುಳಿರಸವನ್ನು ಗಾಜಿನ ಸೀಸೆಯಲ್ಲಿ ಕಾದಿಡುವುದಕ್ಕೆ ಒಳ್ಳೆಯ ಕಾರಣವಿದೆ: ಲೋಹವನ್ನು ತಿನ್ನುವ ಆ ಹುಳಿ ಗಾಜನ್ನು ಏನೂ ಮಾಡದು. ಆ ಸೀಸೆಯೂ ಊದಿ ಮಾಡಿದ್ದೇ, ಆದರೆ ಊದಿದ್ದು ಯಂತ್ರ. ಅಮೆರಿಕದ ಟೊಲೀಡೊ ನಗರದಲ್ಲಿ ಮೈಕೇಲ್ ಓವೆನ್ಸ್ 1903ರ ವೇಳೆಗೆ ಸ್ವಯಂಚಾಲಿತ ಸೀಸೆಯಂತ್ರವನ್ನು ರೂಪಿಸಿದ ಮೇಲೆ ಗಾಜು ಊದುವ ಕುಶಲಕರ್ಮಿಗಳ ಕೆಲಸ ಬಹುಮಟ್ಟಿಗೆ ಕಾರ್ಖಾನೆಯ ಪಾಲಾಯಿತು. ಅದೇ ಟೊಲೀಡೊದ ಕಲಾ ಸಂಗ್ರಹಾಲಯದಲ್ಲಿ 1962ರಲ್ಲಿ ಹಾರ್ವೆ ಲಿಟಲ್‌ಟನ್ ನಡೆಸಿದ ಕಾರ್ಯಾಗಾರಗಳು, ಒಬ್ಬ ಕಲಾವಿದ ತನ್ನದೇ ಸಣ್ಣ ಕುಲುಮೆಯಲ್ಲಿ ಗಾಜು ಕರಗಿಸಿ ಊದಬಹುದೆಂದು ತೋರಿಸಿದವು. ಅವರ ಶಿಷ್ಯ ಡೇಲ್ ಚಿಹೂಲಿ 1971ರಲ್ಲಿ ವಾಷಿಂಗ್ಟನ್ ರಾಜ್ಯದ ಕಾಡಿನ ನಡುವೆ ಪಿಲ್ಚಕ್ ಗಾಜಿನ ಶಾಲೆಯ ಸ್ಥಾಪಕರಲ್ಲೊಬ್ಬರಾದರು. ಅಲ್ಲಿ ಉತ್ಸಾಹ ಬೇಕಾದಷ್ಟಿತ್ತು, ಕೈಚಳಕ ಕಡಿಮೆಯಿತ್ತು. ಆ ಕೊರತೆಯನ್ನು ತುಂಬಿದವರಲ್ಲಿ ಮುಖ್ಯರು ಇಟಲಿಯ ಲೀನೋ ತಾಲ್ಯಾಪಿಯೆತ್ರಾ.

ಅವರು ಹುಟ್ಟಿದ್ದು 1934ರಲ್ಲಿ, ವೆನಿಸ್ ಬಳಿಯ ಮುರಾನೊ ದ್ವೀಪದಲ್ಲಿ. ಬೆಂಕಿ ಅನಾಹುತದ ಭಯದಿಂದ ವೆನಿಸ್ ಆಡಳಿತ 1291ರಲ್ಲಿ ನಗರದ ಗಾಜಿನ ಕುಲುಮೆಗಳನ್ನೆಲ್ಲ ಅಲ್ಲಿಗೆ ಕಳುಹಿಸಿತ್ತು. ಕಾಲಕ್ರಮದಲ್ಲಿ ಆ ದ್ವೀಪವೇ ವಿದ್ಯೆಯ ಗುಟ್ಟನ್ನು ಕಾಯುವ ಕೋಟೆಯಾಯಿತು. ಬಾಲ್ಯದಲ್ಲೇ ಶಾಲೆ ಬಿಟ್ಟು ಕುಲುಮೆ ಸೇರಿದ ಲೀನೋ 21ರ ಹರೆಯದಲ್ಲಿ 'ಮಾಯೆಸ್ತ್ರೊ', ಅಂದರೆ ಪಳಗಿದ ಗುರು, ಎನಿಸಿಕೊಂಡರು. 1979ರಲ್ಲಿ ಪಿಲ್ಚಕ್‌ಗೆ ಹೋಗಿ ಮುರಾನೊದ ವಿಧಾನಗಳನ್ನು ಹೊರಗಿನವರಿಗೆ ಕಲಿಸತೊಡಗಿದಾಗ ತಾಯ್ನಾಡಿನ ಕೆಲವರು ಅದನ್ನು ದ್ರೋಹವೆಂದೇ ಬಗೆದರು. ನನ್ನ ಮಟ್ಟಿಗೆ, ಅವರ ಯಾವ ಕಲಾಕೃತಿಗಿಂತಲೂ ಈ ನಿರ್ಧಾರವೇ ದೊಡ್ಡದು, ಏಕೆಂದರೆ ಗಾಜಿನ ವಿದ್ಯೆಯ ಬಹುಪಾಲು ಬರಹದಲ್ಲಿ ಇಳಿಯದೆ ಕಣ್ಣು ಕೈಗಳಲ್ಲೇ ಉಳಿಯುವಂಥದ್ದು.

ಅದಕ್ಕೆ ಕಾರಣ ಗಾಜಿನ ಸ್ವಭಾವದಲ್ಲಿದೆ. ಮಂಜುಗಡ್ಡೆಗೆ ಇರುವಂತೆ ಗಾಜಿಗೆ ನಿಖರವಾದ ಕರಗುವ ಬಿಂದುವಿಲ್ಲ. ಬೆಲ್ಲದ ಪಾಕದ ಹಾಗೆ ಅದು ಆರುತ್ತಾ ಆರುತ್ತಾ ಬಿಗಿಯಾಗುತ್ತದೆ. ಮರಳಿನ ಸಿಲಿಕಾ ಒಂದೇ ಇದ್ದರೆ ಕರಗಲು ಸುಮಾರು 1700 ಡಿಗ್ರಿ ಸೆಲ್ಸಿಯಸ್ ಬೇಕು. ಸೋಡಾ (ಸೋಡಿಯಂ ಕಾರ್ಬೊನೇಟ್) ಬೆರೆತಾಗ ಆ ತಾಪ ಬಹಳ ತಗ್ಗುತ್ತದೆ, ಸುಣ್ಣ ಬೆರೆತಾಗ ಗಾಜು ನೀರಿಗೆ ಕರಗದಂತೆ ಗಟ್ಟಿಗೊಳ್ಳುತ್ತದೆ. ಇಂಥ ಸಾಮಾನ್ಯ ಗಾಜು ಸುಮಾರು 1000 ಡಿಗ್ರಿಯಿಂದ 700 ಡಿಗ್ರಿಯ ಆಸುಪಾಸಿಗೆ ಇಳಿಯುವಷ್ಟರಲ್ಲಿ ಅದರ ಸ್ನಿಗ್ಧತೆ, ಅಂದರೆ ಹರಿಯಲು ಒಡ್ಡುವ ತಡೆ, ಸಾವಿರಾರು ಪಟ್ಟು ಏರುತ್ತದೆ. ಊದುಕೊಳವೆಯ ತುದಿಯ ಮುದ್ದೆ ಜೋತು ಬೀಳದಂತೆ ಸದಾ ತಿರುಗಿಸುತ್ತಾ, ಒದ್ದೆ ಕಾಗದದ ದಪ್ಪ ಮಡಿಕೆಯನ್ನು ಅಂಗೈಯಲ್ಲಿಟ್ಟು ತೀಡುತ್ತಾ, ಬಿಗಿಯಾದೊಡನೆ ಮತ್ತೆ ಬೆಂಕಿಗೆ ಹಿಡಿಯುತ್ತಾ ಸಾಗುವ ಕೆಲಸದಲ್ಲಿ ಉಸಿರಿನ ಪಾಲು ಸಣ್ಣದು, ಉಷ್ಣದ ಅಂದಾಜೇ ದೊಡ್ಡದು.

ಲೀನೋ ಅವರ ಕೈಯಲ್ಲಿ ಪಳಗಿದ 'ಇಂಕಾಲ್ಮೊ' ವಿಧಾನ ಈ ಅಂದಾಜಿನ ಕಠಿಣ ಪರೀಕ್ಷೆ. ಬೇರೆ ಬೇರೆ ಬಣ್ಣದ ಎರಡು ಗಾಜಿನ ಗುಳ್ಳೆಗಳನ್ನು ಪ್ರತ್ಯೇಕವಾಗಿ ಊದಿ, ಬಾಯಿ ತೆರೆದು, ಬಿಸಿಯಿರುವಾಗಲೇ ಅಂಚಿಗೆ ಅಂಚು ಬೆಸೆಯಬೇಕು. ಬಾಯಿಯ ಅಳತೆ, ಗೋಡೆಯ ದಪ್ಪ, ತಾಪ ಮೂರೂ ಹೊಂದಬೇಕು. ಅಷ್ಟೇ ಸಾಲದು, ಎರಡೂ ಗಾಜುಗಳು ಆರುವಾಗ ಒಂದೇ ಪ್ರಮಾಣದಲ್ಲಿ ಕುಗ್ಗಬೇಕು. ಒಂದು ಹೆಚ್ಚು ಕುಗ್ಗಿದರೆ ಬೆಸುಗೆಯಲ್ಲಿ ಎಳೆತ ಹುಟ್ಟಿ ಇಡೀ ಪಾತ್ರೆ ಸೀಳುತ್ತದೆ. ಬಣ್ಣದ ಎಳೆಗಳನ್ನು ಜಾಲರಿಯಂತೆ ಹೆಣೆದ ಅವರ ಹೂದಾನಿಗಳಲ್ಲಿ ಒಂದೊಂದು ಎಳೆಯೂ ಈ ನಿಯಮಕ್ಕೆ ಬದ್ಧ.

ಕಕ್ಕಡ ಮಾಸದ ಚಳಿಯ ಮುಂಜಾನೆ ತಣ್ಣನೆಯ ದಪ್ಪ ಲೋಟಕ್ಕೆ ಕುದಿಯುವ ಕಾಫಿ ಸುರಿದಾಗ ಅದು ಬಿರಿಯುವುದೂ ಇಂಥದೇ ಎಳೆತದಿಂದ: ಒಳಮೈ ಹಿಗ್ಗುತ್ತದೆ, ಹೊರಮೈ ತಣ್ಣಗೇ ಉಳಿದು ಸೆಳೆತಕ್ಕೆ ಸಿಕ್ಕುತ್ತದೆ. ಪ್ರಯೋಗಾಲಯದ ಬೋರೋಸಿಲಿಕೇಟ್ ಗಾಜು ಬಿಸಿಗೆ ಹಿಗ್ಗುವುದು ಸಾಮಾನ್ಯ ಗಾಜಿನ ಮೂರನೇ ಒಂದರಷ್ಟು ಮಾತ್ರ, ಆದ್ದರಿಂದ ತಡೆದುಕೊಳ್ಳುತ್ತದೆ. ಊದಿ ಮುಗಿಸಿದ ಕಲಾಕೃತಿಯನ್ನು ಇದೇ ಕಾರಣಕ್ಕೆ ಸುಮಾರು 500 ಡಿಗ್ರಿಯ ಒಲೆಯಲ್ಲಿ ಇರಿಸಿ, ಒಳಗಿನ ಒತ್ತಡಗಳು ಸಡಿಲಗೊಳ್ಳುವಂತೆ ಗಂಟೆಗಟ್ಟಲೆ, ತೀರ ದಪ್ಪವಿದ್ದರೆ ದಿನಗಟ್ಟಲೆ, ನಿಧಾನವಾಗಿ ಆರಿಸುತ್ತಾರೆ. ಈ ಹಂತದಲ್ಲಿ ಅವಸರಿಸಿದರೆ, ನೋಡಲು ಲೋಪವೇ ಇಲ್ಲದ ಪಾತ್ರೆಯೂ ತಿಂಗಳುಗಳ ನಂತರ ಯಾರೂ ಮುಟ್ಟದೆಯೇ ಸೀಳಬಹುದು.