ಮೂಸೆಯಿಂದ ಪಾರಾದ ರೊಕ್ಕ

"ನಿಮ್ಮ ಹತ್ರ ಇರೋದ್ರಾಗ ಭಾಳ ಕಿಮ್ಮತ್ತಿಂದು ಯಾವ್ದೈತಿ, ತೋರಸ್ರಿ."

ಹುಬ್ಬಳ್ಳಿಯಲ್ಲಿ ಹಳೇ ನಾಣ್ಯ ಕೂಡಿಸುವವರು ನಾಲ್ಕು ಜನ ಸೇರಿದರೆ, ಚಹಾ ಬರುವುದರೊಳಗೆ ಈ ಮಾತು ಬರುತ್ತದೆ. ಕಳೆದ ಚಳಿಗಾಲದಲ್ಲಿ ಅಂಥ ಒಂದು ಕೂಟದಲ್ಲಿ ನಾನೂ ಕೂತಿದ್ದೆ. ಒಬ್ಬರು ಕಿಸೆಯಿಂದ ಮಡಚಿದ ಕರವಸ್ತ್ರ ತೆಗೆದು, ಸಿಂಹದ ಚಿತ್ರವಿದ್ದ ಗದ್ಯಾಣ ಎಂಬ ಹಳೇ ಬಂಗಾರದ ನಾಣ್ಯ ತೋರಿಸಿದರು. ಇನ್ನೊಬ್ಬರದು 1939ರ ಒಂದು ಬೆಳ್ಳಿ ರೂಪಾಯಿ. ಗದಗಿನ ಕಡೆಯ ನಿವೃತ್ತ ಮಾಸ್ತರರೊಬ್ಬರು ಹೋಮಿಯೋಪತಿ ಗುಳಿಗೆಯ ಸಣ್ಣ ಸೀಸೆಯನ್ನು ಅಂಗೈ ಮೇಲೆ ಬೋರಲು ಹಾಕಿದರು. ತೊಗರಿಬೇಳೆಯಷ್ಟು ದೊಡ್ಡದಿದ್ದ ಬಂಗಾರದ 'ಹಣ' ಎಂಬ ಪುಟ್ಟ ನಾಣ್ಯವೊಂದು ಉರುಳಿ ಬಿತ್ತು. ಎಲ್ಲರೂ ಉಸಿರು ಬಿಗಿಹಿಡಿದು ಬಗ್ಗಿದರು, ಸೀನಿದರೆ ಹಾರಿಹೋಗುತ್ತದೆ ಎಂಬಂತೆ.

ಆ ಮೂರರಲ್ಲಿ ಸಂತೆಯಲ್ಲಿ ಹೆಚ್ಚು ಬೆಲೆ ಬರುವುದು ಬೆಳ್ಳಿಯದಕ್ಕೆ. ಹೊಸಬರಿಗೆ ಇದು ತಿಳಿಯುವುದಿಲ್ಲ. ಬಂಗಾರ ಬಿಟ್ಟು ಬೆಳ್ಳಿಗೆ ಯಾಕೆ? ಸಾವಿರ ವರ್ಷದ್ದನ್ನು ಬಿಟ್ಟು ನಮ್ಮ ಅಜ್ಜನ ಕಾಲದ್ದಕ್ಕೆ ಯಾಕೆ? ಹಳೆಯದಾದಷ್ಟೂ ಬೆಲೆ ಎಂಬುದು ತಪ್ಪು ತಿಳಿವಳಿಕೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಕಾರ್ಷಾಪಣ ಎಂಬ ಬೆಳ್ಳಿಯ ನಾಣ್ಯ ಇವತ್ತಿಗೂ ಕೆಲವು ಸಾವಿರಕ್ಕೆ ಸಿಗುತ್ತದೆ, ಯಾಕೆಂದರೆ ಅವು ಗಡಿಗೆಗಟ್ಟಲೆ ನೆಲದಲ್ಲಿ ಉಳಿದುಕೊಂಡವು. ಎಷ್ಟು ಅಚ್ಚು ಹಾಕಿದರು ಅನ್ನುವುದಕ್ಕಿಂತ ಎಷ್ಟನ್ನು ಕರಗಿಸಿದರು ಅನ್ನುವುದೇ ನಾಣ್ಯದ ಬೆಲೆ ಕಟ್ಟುತ್ತದೆ. ನಮ್ಮ ಭಾಗದ ರೊಕ್ಕದ ಇತಿಹಾಸವನ್ನು ಹಿಂದಕ್ಕೆ ಹಿಂದಕ್ಕೆ ನೋಡುತ್ತ ಹೋದರೆ ಪ್ರತಿ ತಿರುವಿನಲ್ಲೂ ಲೋಹ ಕರಗಿಸುವ ಒಂದು ಮೂಸೆ ಉರಿಯುತ್ತಿರುತ್ತದೆ.

ಗದಗಿನಿಂದ ಹತ್ತಿಪ್ಪತ್ತು ನಿಮಿಷದ ದಾರಿಯ ಲಕ್ಕುಂಡಿಗೆ ಜನ ಈಗ ಗುಡಿ, ಬಾವಿ ನೋಡಲು ಹೋಗುತ್ತಾರೆ. ಕಲ್ಯಾಣ ಚಾಲುಕ್ಯರ ಕಾಲದ ಲೊಕ್ಕಿಗುಂಡಿಯಲ್ಲಿ ಕಮ್ಮಟವಿತ್ತು, ಅಂದರೆ ನಾಣ್ಯ ಅಚ್ಚು ಹಾಕುವ ಟಂಕಸಾಲೆ. ಅಲ್ಲಿಯ ನಾಣ್ಯಕ್ಕೆ ಎಂಥ ಹೆಸರಿತ್ತೆಂದರೆ, ಶಾಸನಗಳಲ್ಲಿ ದಾನ ಬರೆಸುವಾಗ ಬರೀ ಗದ್ಯಾಣ ಎನ್ನದೆ 'ಲೊಕ್ಕಿ ಗದ್ಯಾಣ' ಎಂದೇ ಬರೆಸಿದ್ದಾರೆ. ಗದ್ಯಾಣದ ಹತ್ತನೇ ಒಂದು ಪಾಲು ಹಣ, ಹಣದ ಕಾಲು ಭಾಗ ಹಾಗ, ಹದಿನಾರನೇ ಒಂದು ಪಾಲು ವೀಸ. ಹೊಯ್ಸಳ ಇಮ್ಮಡಿ ಬಲ್ಲಾಳ 1192ರ ಹೊತ್ತಿಗೆ ಬಂದು ಬೀಡುಬಿಟ್ಟದ್ದೂ ಈ ಊರಲ್ಲೇ. ಪಕ್ಕದ ಕಪ್ಪತಗುಡ್ಡದ ಹಳ್ಳಗಳ ಮರಳಿನಲ್ಲಿ ಬಂಗಾರದ ಕಣ ಇವೆ. ಅದನ್ನು ತೊಳೆದು ತೆಗೆಯುವ ಜಾಲಗಾರರು ಬ್ರಿಟಿಷರ ಕಾಲದಲ್ಲೂ ಡೋಣಿ, ಸೊರಟೂರಿನ ಸುತ್ತ ಕೆಲಸ ಮಾಡುತ್ತಿದ್ದರು. ಪತ್ತಾರರ, ಅಂದರೆ ಅಕ್ಕಸಾಲಿಗರ, ಅಂಗಡಿಯ ಕಸ ತೊಳೆದು ಬಂಗಾರದ ಧೂಳು ಹೆಕ್ಕುವವರೂ ಅವರೇ. ಹಣ ಹುಟ್ಟುವುದಕ್ಕೂ ಕರಗುವುದಕ್ಕೂ ಬೇಕಾದ ಕೈಗಳು ಒಂದೇ ಸೀಮೆಯಲ್ಲಿ ಇದ್ದವು.

ನನ್ನೆದುರು ಕರವಸ್ತ್ರದಿಂದ ಬಂದ ಸಿಂಹದ ಗದ್ಯಾಣ ಗೋವೆಯ ಕದಂಬರದು. ಧಾರವಾಡದ ಸೀಮೆಯ ಪಡುವಣ ಭಾಗ ಅವರ ಆಳ್ವಿಕೆಗೆ ಸೇರಿತ್ತು, ಹಲಸಿ ಅವರ ಇನ್ನೊಂದು ರಾಜಧಾನಿ. ಒಂದು ಕಡೆ ಸಿಂಹ, ಅದರ ಮುಂದೆ ಸಂವತ್ಸರದ ಹೆಸರು. ಇನ್ನೊಂದು ಕಡೆ ಸಪ್ತಕೋಟೀಶ್ವರನ ವರಪ್ರಸಾದ ಪಡೆದವನು ಎಂಬ ನಾಗರಿ ಬರಹ. ನಾಣ್ಯದ ಮೇಲೆ ಸಂವತ್ಸರ ಕೆತ್ತಿಸಿದ ಅರಸರು ನಮ್ಮಲ್ಲಿ ತೀರ ಕಡಿಮೆ. ಅದಕ್ಕೇ ಕೂಡಿಸುವವರು ಇದಕ್ಕಾಗಿ ಹಂಬಲಿಸುತ್ತಾರೆ, ಕಳ್ಳ ನಾಣ್ಯ ಮಾಡುವವರೂ ಇದನ್ನೇ ಹೆಚ್ಚು ಮಾಡುತ್ತಾರೆ. ಅಚ್ಚೊತ್ತಿದ ನಾಣ್ಯಕ್ಕೂ ಎರಕ ಹೊಯ್ದ ನಕಲಿಗೂ ಇರುವ ವ್ಯತ್ಯಾಸ ಅಕ್ಷರಗಳ ಅಂಚಿನಲ್ಲಿ ಕಾಣುತ್ತದೆ. ಒತ್ತಿದ ಅಕ್ಷರ ಚೂಪು, ಎರಕದ್ದು ಬೆಲ್ಲ ಕರಗಿದ ಹಾಗೆ ಮೊಂಡು.

ವಿಜಯನಗರದ ಬಂಗಾರದ ನಾಣ್ಯ ವರಹ ಸುಮಾರು 3.4 ಗ್ರಾಂ ತೂಗುತ್ತದೆ. ದೇವರಾಯರ ನಾಣ್ಯದಲ್ಲಿ ಉಮಾಮಹೇಶ್ವರ, ಕೃಷ್ಣದೇವರಾಯನದರಲ್ಲಿ ಬಾಲಕೃಷ್ಣ, ಅಚ್ಯುತರಾಯನದರಲ್ಲಿ ಗಂಡಭೇರುಂಡ. ಆ ರಾಜ್ಯ ಮುರಿದ ಮೇಲೂ ವರಹದ ತೂಕ, ಚಿತ್ರ ಇನ್ನೂರು ವರ್ಷ ಓಡಿದವು. ಇಕ್ಕೇರಿಯ ನಾಯಕರ ವರಹದ ಶಿವ-ಪಾರ್ವತಿಯರನ್ನು ಹೈದರಲಿ ತನ್ನ ಬಹಾದ್ದೂರಿ ಹೊನ್ನಿನಲ್ಲೂ ಹಾಗೇ ಉಳಿಸಿಕೊಂಡ. ಜನ ಒಪ್ಪಿದ ಮುಖವನ್ನು ನಾಣ್ಯದಿಂದ ತೆಗೆದುಹಾಕಿದರೆ ಸಂತೆಯಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಟಿಪ್ಪುವಿನ ಕಾಲದಲ್ಲಿ ಧಾರವಾಡದಲ್ಲೂ ಟಂಕಸಾಲೆ ಇತ್ತು. ಅವನು ಊರುಗಳಿಗೆ ಹೊಸ ಹೆಸರು ಇಡುತ್ತಿದ್ದ. ಅವನ ನಾಣ್ಯಗಳಲ್ಲಿ ಧಾರವಾಡದ ಹೆಸರು 'ಖುರ್ಷೀದ್ ಸವಾದ್'. ಆರು ತಿಂಗಳಿಗೂ ಮಿಕ್ಕಿದ ಮುತ್ತಿಗೆಯ ನಂತರ, 1791ರ ಏಪ್ರಿಲ್‌ನಲ್ಲಿ ಕೋಟೆ ಪರಶುರಾಮ ಭಾವೂನ ಮರಾಠಾ ಸೈನ್ಯದ ಕೈಸೇರಿತು. ಆ ಹೆಸರು ಹೊತ್ತ ನಾಣ್ಯ ಅಚ್ಚಾದದ್ದು ಕೆಲವೇ ವರ್ಷ. ಧಾರವಾಡದವರು ಯಾರಾದರೂ ನಾಣ್ಯ ಕೂಡಿಸುತ್ತಿದ್ದರೆ ಅವರ ಎದೆಯೊಳಗೆ ಈ ಒಂದು ನಾಣ್ಯದ ಆಸೆ ಇದ್ದೇ ಇರುತ್ತದೆ. ನನಗೂ ಇದೆ. ಇನ್ನೂ ಸಿಕ್ಕಿಲ್ಲ.

ಈ ನೆಲದ ನಾಣ್ಯಗಳನ್ನು ಮೊದಲು ಓದಲು ಕೂತ ಮನುಷ್ಯನ ಕಥೆಯನ್ನು ಸ್ವಲ್ಪ ನಿಂತು ಹೇಳಬೇಕು. ಕಿತ್ತೂರ ಚೆನ್ನಮ್ಮನ ಯುದ್ಧ ನಮಗೆಲ್ಲ ಗೊತ್ತು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ, ಅವನ ಇಬ್ಬರು ಸಹಾಯಕರು ರಾಣಿಯ ಸೆರೆಯಾದರು. ಅವರಲ್ಲೊಬ್ಬ ವಾಲ್ಟರ್ ಎಲಿಯಟ್, ಆಗಿನ್ನೂ ಇಪ್ಪತ್ತೊಂದರ ಹುಡುಗ. ರಾಣಿ ಅವರನ್ನು ಕೊಲ್ಲಲಿಲ್ಲ, ಡಿಸೆಂಬರಿನಲ್ಲಿ ಬಿಟ್ಟುಕೊಟ್ಟಳು. ಬದುಕಿ ಉಳಿದ ಎಲಿಯಟ್ ಮುಂದೆ ಹಲವು ವರ್ಷ ಇದೇ ಸೀಮೆಯಲ್ಲಿ ಕೆಲಸ ಮಾಡಿದ. ಕನ್ನಡ ಶಾಸನಗಳನ್ನು ಹುಡುಕಿ ಹುಡುಕಿ ಪ್ರತಿ ಮಾಡಿಸಿದ, ಅವುಗಳ ಲೆಕ್ಕ 595. ಜೊತೆಗೆ ನಾಣ್ಯಗಳನ್ನೂ ಕೂಡಿಸಿದ. ದಕ್ಷಿಣ ಭಾರತದ ನಾಣ್ಯಗಳ ಬಗ್ಗೆ ಅವನು ಬರೆದ ಪುಸ್ತಕ ಲಂಡನ್ನಿನಲ್ಲಿ ಅಚ್ಚಾಗುವಾಗ ಅವನ ಕಣ್ಣು ಬಹುತೇಕ ಹೋಗಿದ್ದವು. ಮರುವರ್ಷವೇ, 1887ರಲ್ಲಿ, ತೀರಿಕೊಂಡ. ಕಂಪನಿಯ ಅಧಿಕಾರಿಯಾಗಿ ಅವನು ಯಾರ ಪರ ಇದ್ದ ಎನ್ನುವುದನ್ನು ನಾನು ಮರೆತಿಲ್ಲ. ಆದರೂ ಚಾಲುಕ್ಯರ, ಕದಂಬರ ನಾಣ್ಯ ಕೈಗೆತ್ತಿಕೊಂಡಾಗಲೆಲ್ಲ ಚೆನ್ನಮ್ಮ ಜೀವದಾನ ಕೊಟ್ಟ ಆ ಹುಡುಗ ನೆನಪಾಗುತ್ತಾನೆ. ಅವನು ಚಿತ್ರ ಬರೆಸಿಟ್ಟದ್ದರಿಂದ ಇವತ್ತು ಎಷ್ಟೋ ನಾಣ್ಯಗಳಿಗೆ ನಾವು ಹೆಸರು ಹೇಳಬಲ್ಲೆವು.

ಅವನ ಕಾಲದ ಹುಬ್ಬಳ್ಳಿ ಪೇಟೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಇಕ್ಕೇರಿ ವರಹ, ಬಹಾದ್ದೂರಿ ಹೊನ್ನು, ಬಾಗಲಕೋಟೆಯ ಮಲ್ಹಾರಶಾಹಿ ರೂಪಾಯಿ, ಪುಣೆ ಕಡೆಯ ಅಂಕುಶಿ ರೂಪಾಯಿ. ಹತ್ತಿ ಮಾರಿದ ರೈತನ ಕೈಗೆ ಒಂದೊಂದು ದಿನ ಒಂದೊಂದು ರೊಕ್ಕ. ಯಾವುದಕ್ಕೆ ಎಷ್ಟು ಬೆಲೆ ಎಂದು ಹೇಳಲು ನಾಣ್ಯ ಪರೀಕ್ಷೆ ಮಾಡುವ ಸರಾಫನೇ ಬೇಕು. ಸರಾಫಗಟ್ಟಿ ಎಂಬ ಹೆಸರು ಹುಬ್ಬಳ್ಳಿಯಲ್ಲಿ ಸುಮ್ಮನೆ ಉಳಿದಿಲ್ಲ. ಪರೀಕ್ಷೆ ಮಾಡಿದ ನಾಣ್ಯಕ್ಕೆ ಸರಾಫ ಸಣ್ಣ ಉಳಿಯಿಂದ ತನ್ನ ಗುರುತು ಹೊಡೆಯುತ್ತಿದ್ದ. ಆಗ ಅದು ನಂಬಿಕೆಯ ಮುದ್ರೆ, ಈಗ ಅದೇ ಗಾಯ ಹರಾಜಿನಲ್ಲಿ ಬೆಲೆ ಇಳಿಸುತ್ತದೆ.

1835ರಲ್ಲಿ ಕಂಪನಿ ತನ್ನ ನಾಡಿಗೆಲ್ಲ ಒಂದೇ ರೂಪಾಯಿ ಎಂದು ಕಾಯ್ದೆ ಮಾಡಿತು: 180 ಗ್ರೇನ್ ತೂಕ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಹಳೆಯ ರೊಕ್ಕಗಳು ಮೆಲ್ಲಗೆ ಪೇಟೆ ಬಿಟ್ಟು ಟಂಕಸಾಲೆಯ ಕುಲುಮೆಗೂ ಪತ್ತಾರರ ಮೂಸೆಗೂ ಹೋದವು. ಹೊನ್ನು, ಹಣ, ಕಾಸು, ದುಡ್ಡು ಎಲ್ಲವೂ ಕೈಯಿಂದ ಜಾರಿ ನಾಲಿಗೆಯ ಮೇಲೆ ಉಳಿದವು.

ಇಪ್ಪತ್ತನೇ ಶತಮಾನದಲ್ಲಿ ಸರಕಾರವೇ ತನ್ನ ರೂಪಾಯಿಯನ್ನು ಕರಗಿಸಿತು. 1911ರಲ್ಲಿ ಐದನೇ ಜಾರ್ಜ್‌ನ ಹೊಸ ರೂಪಾಯಿ ಬಂದಾಗ, ಅವನ ನಿಲುವಂಗಿಯ ಮೇಲಿನ ಆನೆ ಜನರ ಕಣ್ಣಿಗೆ ಹಂದಿಯಂತೆ ಕಂಡಿತು. ಗಲಾಟೆ ಎದ್ದಿತು. ಸುಮಾರು 94 ಲಕ್ಷ ಅಚ್ಚಾಗಿದ್ದವು, ಹೊರಬಿದ್ದಿದ್ದು 7 ಲಕ್ಷದಷ್ಟು, ಉಳಿದವು ಕುಲುಮೆಗೆ. ಮರುವರ್ಷ ಸೊಂಡಿಲು ತಿದ್ದಿದ ಆನೆ ಬಂತು. ನಿಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿ 1911ರದು ಇದ್ದರೆ ತೆಗೆದು ಬೇರೆ ಇಡಿ.

ಎರಡನೇ ಮಹಾಯುದ್ಧದ ಹೊತ್ತಿಗೆ ಬೆಳ್ಳಿಗೆ ಬರ ಬಂತು. ಜನ ರೂಪಾಯಿಗಳನ್ನು ಬಚ್ಚಿಟ್ಟರು. 1940ರಿಂದ ರೂಪಾಯಿಯ ಬೆಳ್ಳಿ ಅರ್ಧಕ್ಕಿಳಿಯಿತು. ವಿಕ್ಟೋರಿಯಾ ರಾಣಿಯ, ಎಡ್ವರ್ಡ್‌ನ, ಕೊನೆಗೆ ಇಬ್ಬರು ಜಾರ್ಜರ ಹಳೇ ಬೆಳ್ಳಿ ರೂಪಾಯಿಗಳನ್ನೂ 1941ರಿಂದ 1943ರೊಳಗೆ ಒಂದೊಂದಾಗಿ ಹಿಂದಕ್ಕೆ ಪಡೆದರು. ಹೀಗಾಗಿ ಹಳೇ ತೂಕದ ಬೆಳ್ಳಿಯಲ್ಲಿ ಕೊನೆಯದಾಗಿ ಅಚ್ಚಾದ 1939ರ ರೂಪಾಯಿ ಜನರ ಕೈಯಲ್ಲಿ ಉಳಿಯಲೇ ಇಲ್ಲ. ಈಗ ಅದು ಲಕ್ಷಗಟ್ಟಲೆ ಬೆಲೆಗೆ ಹೋಗುವುದು ಇದಕ್ಕೇ. 1938ರ ರೂಪಾಯಿಯ ಕೊನೆಯ 8ನ್ನು ಕೆತ್ತಿ 9 ಮಾಡಿ ಮಾರುವವರಿದ್ದಾರೆ, ಕೊಳ್ಳುವ ಮುಂಚೆ ಆ ಒಂದು ಅಂಕಿಯನ್ನು ಭೂತಗನ್ನಡಿಯಲ್ಲಿ ನೋಡಲೇಬೇಕು. ಯುದ್ಧದಲ್ಲಿ ಭಾರತ ಅಮೆರಿಕದಿಂದ ಕಡ ತಂದದ್ದು ಸುಮಾರು 22.6 ಕೋಟಿ ಔನ್ಸ್ ಬೆಳ್ಳಿ. ಸ್ವಾತಂತ್ರ್ಯದ ನಂತರ ಅದನ್ನು ತೀರಿಸಲು ಆ ಅರೆಬೆಳ್ಳಿಯ ರೂಪಾಯಿಗಳನ್ನೂ ಕರಗಿಸಿದರು.

ಮನೆಯ ಮೂಸೆಯ ಕಥೆ ಇನ್ನೊಂದಿದೆ. ನಮ್ಮ ಆಯಿಯ, ಅಂದರೆ ಅಜ್ಜಿಯ, ಕೊರಳಲ್ಲಿ ಪುತಳಿ ಸರ ಇತ್ತು. ಪುತಳಿ ಅಂದರೆ ಗೊಂಬೆ. ಮೂಲದಲ್ಲಿ ಅದು ಇಟಲಿಯ ವೆನಿಸ್ ನಗರದ ಬಂಗಾರದ ಡುಕಾಟ್. 1284ರಲ್ಲಿ ಶುರುವಾದ ಆ ನಾಣ್ಯದ ಮೇಲೆ ಸಂತ ಮಾರ್ಕನ ಮುಂದೆ ಮೊಣಕಾಲೂರಿದ ಅಧಿಪತಿ ಇರುತ್ತಾನೆ. ಬಂಗಾರ ಬಹಳ ಚೊಕ್ಕ, ಹಾಗಾಗಿ ಮೆಣಸಿನ ವ್ಯಾಪಾರದ ಹಡಗಿನಲ್ಲಿ ಬಂದದ್ದು ನಮ್ಮ ಹೆಂಗಸರ ಕೊರಳು ಸೇರಿತು. ಬೇಡಿಕೆ ಹೆಚ್ಚಾದಾಗ ಇಲ್ಲಿಯ ಪತ್ತಾರರೇ ಅದರ ನಕಲು ಮಾಡಿದರು, ಲ್ಯಾಟಿನ್ ಅಕ್ಷರ ಗೊತ್ತಿಲ್ಲದ್ದರಿಂದ ಬರಹ ಬರೀ ಗೀಟುಗಳಾದವು. ಆಯಿ ಆ ಎರಡು ಗೊಂಬೆಗಳನ್ನು ಗೌರಿ-ಶಂಕರ ಎಂದು ತೋರಿಸುತ್ತಿದ್ದಳು. ಅತ್ತೆಯ ಮದುವೆಗೆಂದು ಸರ ಪತ್ತಾರನ ಕಡೆ ಹೋಯಿತು, ಬಳೆಯಾಗಿ ಬಂತು. ಒಂದು ಪುತಳಿಯನ್ನು ಮಾತ್ರ ಆಯಿ ತೆಗೆದಿಟ್ಟುಕೊಂಡಳು.

ಅದನ್ನು ಆ ಕೂಟದಲ್ಲಿ ತೋರಿಸಿದೆ. ಮಾಸ್ತರರು ತಿರುಗಿಸಿ ಮುರುಗಿಸಿ ನೋಡಿ, "ಕೊಂಡಿ ಬೆಸದಾರ, ಅದೂ ಊರಾಗಿನ ನಕಲು. ಕೊಳ್ಳಾವ್ರು ಕಿಮ್ಮತ್ತ ಕಡಿಮಿ ಮಾಡ್ತಾರ," ಅಂದರು. ಸ್ವಲ್ಪ ತಡೆದು, "ಹುಣಸೇಹಣ್ಣು ಹಚ್ಚಿ ತಿಕ್ಕಬ್ಯಾಡ್ರಿ ಮತ್ತ, ಇದ್ದಂಗ ಇರಲಿ," ಎಂದು ಸೇರಿಸಿದರು. ದೀಪಾವಳಿಯ ಲಕ್ಷ್ಮೀಪೂಜೆಗೆಂದು ರಾಣಿ ರೂಪಾಯಿಗಳನ್ನು ಹುಣಸೆ, ಬೂದಿಯಲ್ಲಿ ತಿಕ್ಕಿ ಹೊಳೆಸುವ ರೂಢಿ ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇದೆ. ಒಂದೊಂದು ತಿಕ್ಕಿಗೂ ಅಕ್ಷರ ಸವೆಯುತ್ತದೆ, ಬೆಲೆಯೂ.

ವೈಷ್ಣೋದೇವಿಯ ಐದು ರೂಪಾಯಿಗೆ ಹತ್ತು ಲಕ್ಷ ಎಂದು ಮೊಬೈಲಿನಲ್ಲಿ ಬರುವ ಸಂದೇಶ ಪೂರಾ ಸುಳ್ಳು. 2012ರ ಆ ನಾಣ್ಯ ಬೇಕಾದಷ್ಟಿದೆ, 2006ರ ಬಸವಣ್ಣನ ಐದು ರೂಪಾಯಿಯಂತೆಯೇ. ಮೊದಲು ಕಮಿಷನ್ ಕಟ್ಟಿ ಎಂದು ಕೇಳುವವರಿಗೆ ಒಂದು ಪೈಸೆಯನ್ನೂ ಕೊಡಬಾರದು. ತನ್ನ ಹೆಸರಿನಲ್ಲಿ ನಡೆಯುವ ಇಂಥ ಮೋಸದ ಬಗ್ಗೆ ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಕೆ ಕೊಟ್ಟಿದೆ.

ನನ್ನನ್ನು ಹೆಚ್ಚು ಕಾಡುವುದು ಬೇರೆ. ಬಾವಿ ತೋಡುವಾಗ, ಹಳೇ ಗೋಡೆ ಕೆಡವುವಾಗ ಗಡಿಗೆ ಸಿಕ್ಕರೆ ನಮ್ಮ ಹಳ್ಳಿಗಳಲ್ಲಿ ಮೊದಲು ಹುಟ್ಟುವುದು ಅಂಜಿಕೆ. ಸರಕಾರದವರು ಕಸಿದುಕೊಳ್ಳುತ್ತಾರೆ, ಪೊಲೀಸರು ಮನೆಗೆ ಬರುತ್ತಾರೆ ಎಂದು ರಾತ್ರೋರಾತ್ರಿ ಕರಗಿಸಿಬಿಡುತ್ತಾರೆ. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು ಎಂದು 1878ರ ಕಾಯ್ದೆ ಹೇಳಿತು. ನಿಧಿಯನ್ನು ಸರಕಾರ ಇಟ್ಟುಕೊಳ್ಳುವುದಾದರೆ ಲೋಹದ ಬೆಲೆಯ ಮೇಲೆ ಐದನೇ ಒಂದು ಪಾಲು ಸೇರಿಸಿ ಕೊಡಬೇಕು ಎಂದೂ ಅದರಲ್ಲೇ ಇತ್ತು. ಆಮೇಲೆ ರಾಜ್ಯಕ್ಕೆ ತನ್ನದೇ 1962ರ ಕಾಯ್ದೆ ಬಂತು, ತಿಳಿಸುವ ಹೊಣೆ ಹಾಗೇ ಉಳಿಯಿತು. ಸಿಕ್ಕವರಿಗೆ ಮರ್ಯಾದೆಯೂ ಪರಿಹಾರವೂ ಬೇಗ ಮುಟ್ಟುವಂತಾದರೆ ಅರ್ಧ ಅಂಜಿಕೆ ಹೋದೀತು ಎಂದು ನನ್ನ ನಂಬಿಕೆ. ಒಂದು ಗಡಿಗೆ ಕರಗಿದರೆ ಹೋಗುವುದು ಬರೀ ನಾಣ್ಯವಲ್ಲ. ಯಾರ ನಾಣ್ಯ ಯಾರದರ ಜೊತೆ ಇತ್ತು, ಯಾವ ಊರಲ್ಲಿತ್ತು ಎನ್ನುವುದೂ ಹೋಗುತ್ತದೆ, ಅದನ್ನು ಮತ್ತೆ ಯಾವ ಕಮ್ಮಟದಲ್ಲೂ ಒತ್ತಲಾಗದು.

ಮಾಸ್ತರರು ತಮ್ಮ ಪ್ರತಿ ನಾಣ್ಯಕ್ಕೂ ಒಂದು ಸಣ್ಣ ಕಾಗದದ ಲಕೋಟೆ ಮಾಡಿದ್ದಾರೆ. ಅದರ ಮೇಲೆ ಕೊಂಡ ಬೆಲೆ ಇಲ್ಲ. ಸಿಕ್ಕ ಊರು, ಕೊಟ್ಟವರ ಮಾತು, ತಾರೀಖು. ಸೀಸೆಯ ಹಣಕ್ಕೆ ಅಂಟಿಸಿದ ಚೀಟಿಯಲ್ಲಿ ಇದ್ದದ್ದು ಇಷ್ಟು: 'ಮುಂಡರಗಿ ಸಂತಿ. ಜ್ವಾಳದ ಚೀಲದಾಗ ಸಿಕ್ತು ಅಂದ್ಲು ಮುದುಕಿ.' ಮನೆಗೆ ಬಂದ ರಾತ್ರಿ ನಾನೂ ಒಂದು ಲಕೋಟೆ ಹರಿದು ಮಡಚಿ, ಪುತಳಿಯನ್ನು ಅದರೊಳಗಿಟ್ಟು, ಆಯಿಯ ತವರೂರು ಅಣ್ಣಿಗೇರಿ ಎಂದು ಬರೆದೆ. ಪತ್ತಾರ ಯಾರಿದ್ದ ಎಂದು ಅತ್ತೆಗೆ ಫೋನ್ ಮಾಡಿ ಕೇಳಿ, ಅದನ್ನೂ ಬರೆದೆ.